ಒಣಗಬಾರದ ಗೋಣಿ

ಬಾಳೆಯ ಗೆಡ್ಡೆಗೆ ಹುಳು ಬಿದ್ದಿರುವುದು ಮೇಲಿಂದ ಕಾಣುವುದಿಲ್ಲ. ಗಿಡ ಹಸಿರಾಗಿಯೇ ಇರುತ್ತದೆ, ಗೊನೆ ಹಾಕುತ್ತದೆ, ಗೊನೆ ಬಲಿಯುತ್ತಲೂ ಇರುತ್ತದೆ. ಒಂದು ದಿನ ಸೆರಗು ಹಾರುವಷ್ಟು ಗಾಳಿ ಬೀಸುತ್ತದೆ, ಗೊನೆ ಹೊತ್ತ ಗಿಡ ಬುಡ ಸಮೇತ ಮಗುಚಿಕೊಳ್ಳುತ್ತದೆ. ಗೆಡ್ಡೆ ಸೀಳಿದರೆ ಒಳಗೆಲ್ಲ ತೂತು. ಒಂದೊಂದು ತೂತಿನ ಕೊನೆಗೂ ಕಾಲಿಲ್ಲದ ಬಿಳಿ ಹುಳು, ಕೆಂಪು ತಲೆ, ಮೈ ಡೊಂಕು ಮಾಡಿಕೊಂಡು ಉಂಡು ಮಲಗಿದ ಗಂಡಸಿನ ಹಾಗೆ ಬಿದ್ದಿರುತ್ತದೆ.

ಆ ಬೇಸಿಗೆಯಲ್ಲಿ ನನ್ನ ತೋಟದಲ್ಲಿ ಹೀಗೆ ಹನ್ನೊಂದು ಗಿಡ ಮಗುಚಿದವು.

ನನ್ನ ತೋಟ ಎಂದರೆ ಪತ್ರದಲ್ಲಿ ನನ್ನದಲ್ಲ. ಜಮೀನೆಲ್ಲ ಕೂಡು ಕುಟುಂಬದ್ದು, ಯಜಮಾನಿಕೆ ನನ್ನ ಭಾವನದು, ಅಂದರೆ ನನ್ನ ಗಂಡನ ಅಣ್ಣನದು. ಆದರೆ ಕಪಿಲೆ ಬಾವಿಯ ಪಕ್ಕದ ಎಂಟು ಸಾಲು ಬಾಳೆ ನಾನು ನೆಟ್ಟದ್ದು. ನಾನು ಯಳಂದೂರಿನವಳು. ಮದುವೆಯಾಗಿ ಧನಗೆರೆಯ ಪಕ್ಕದ ಹಳ್ಳಿಗೆ ಬಂದಾಗ ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿತ್ತು. ನಾನು ಮೈಸೂರು ಬಿಟ್ಟು ಬಂದೆ ಎಂದು ಅಮ್ಮ ಅತ್ತಳು, ವರ್ಷ ತುಂಬುವುದರೊಳಗೆ ಮೈಸೂರೇ ನನ್ನ ಹಿಂದೆ ಬಂತು. ಬಾಳೆ ಮಾತ್ರ ಬರಲಿಲ್ಲ. ಇಲ್ಲಿ ಹೊಲ ನೋಡಿದರೂ ಹಿಪ್ಪುನೇರಳೆ, ಬದು ನೋಡಿದರೂ ಹಿಪ್ಪುನೇರಳೆ. ಮನುಷ್ಯರು ತಿನ್ನುವುದಕ್ಕಿಂತ ರೇಷ್ಮೆ ಹುಳು ತಿನ್ನುವುದಕ್ಕೆ ಬೆಳೆಯುವ ಊರು. ಎರಡನೇ ಬಾರಿ ತವರಿಗೆ ಹೋದಾಗ ಪುಟ್ಟಬಾಳೆಯ ಕಂದುಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದು ನೆಟ್ಟೆ. ಆ ಮನೆಯಲ್ಲಿ ಯಾರೂ ನನಗೆ ಹೀಗೆ ಮಾಡು, ಹಾಗೆ ಮಾಡು ಎನ್ನದ ಜಾಗ ಅದೊಂದೇ ಆಗಿತ್ತು. ಹಣ್ಣು ಮಕ್ಕಳು ತಿಂದರು, ನೆಂಟರು ತಿಂದರು. ಅದಲ್ಲ ನನಗೆ ಮುಖ್ಯ. ಅಲ್ಲಿ ನಿಂತಾಗ ನನ್ನ ಬೆನ್ನ ಹಿಂದೆ ಯಾರೂ ಇರುತ್ತಿರಲಿಲ್ಲ.

ಗಿಡಗಳು ಬೀಳತೊಡಗಿದ ಮೇಲೆ ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. "ಇವ್ಳು ತವರಿಂದ ಬಳುವಳಿ ಏನ್ ತಂದ್ಲು ಅಂತ ಕೇಳ್ತಿದ್ರಲ್ಲ, ನೋಡ್ಕಳಿ. ಬಾಳೆ ತಂದ್ಲು, ಬಾಳೆ ಒಳೀಕೆ ಉಳಾನೂ ತುಂಬ್ಕಂಡು ಬಂದ್ಲು."

ಮುದುಕಿ ಹೇಳಿದ್ದು ನಿಜವೇ. ಆ ಹುಳು ಕಂದಿನ ಜೊತೆಯೇ ಬರುತ್ತದೆ ಎಂದು ಆಮೇಲೆ ತಿಳಿಯಿತು. ನಿಜವಾದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇನ್ನು ನನ್ನ ಓರಗಿತ್ತಿ. ಭಾವನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಮಾರ್ಟಳ್ಳಿ ಕಡೆಯಿಂದ ತಂದ ಎರಡನೇ ಹೆಂಡತಿ. ನನಗಿಂತ ಐದು ವರ್ಷ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನಬೇಕಾಗಿತ್ತು. ಅದನ್ನು ಹೇಳುವಾಗೆಲ್ಲ ಬಾಯಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಅವಳು ನನ್ನನ್ನು ಯಾವತ್ತೂ ತಂಗಿ ಎನ್ನಲಿಲ್ಲ. "ಏನಮ್ಮಿ ಯಳಂದೂರವ್ಳೇ" ಎನ್ನುತ್ತಿದ್ದಳು. ಸಿಟ್ಟು ಬಂದರೆ ತಮಿಳು. ಅವಳ ಕೈ ಹುಳಕ್ಕೆ ಆಗಿಬಂದ ಕೈ ಎಂದು ಊರೆಲ್ಲ ಹೇಳುತ್ತಿತ್ತು, ಅದೂ ನಿಜವೇ. ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ರೇಷ್ಮೆ ಗೂಡು ಒಂದು ಸಲವೂ ಕೆಟ್ಟಿರಲಿಲ್ಲ.

ರೇಷ್ಮೆ ಹುಳು ಸಾಕುವ ತಿಂಗಳಲ್ಲಿ ಅವಳ ರಾಜ್ಯ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಘಾಟು ಹುಳಕ್ಕೆ ಆಗದು. ತಲೆಗೆ ಎಣ್ಣೆ ಹಚ್ಚುವಂತಿಲ್ಲ. ಗಂಡಸರು ಹೊಗೆಸೊಪ್ಪು ಮುಟ್ಟುವಂತಿಲ್ಲ. ಮುಟ್ಟಾದವರು ಹುಳದ ಮನೆಯ ಹೊಸಿಲ ಕಡೆ ತಿರುಗುವಂತಿಲ್ಲ. ಹುಳದ ಮನೆಯಿಂದ ಒಂದು ಎಲೆ, ಒಂದು ಹಿಕ್ಕೆ, ಸತ್ತ ಹುಳು ಕೂಡ ಹೊರಗಿನವರ ಕೈಗೆ ಹೋಗಬಾರದು. ಸೊಪ್ಪು ಬಾಡದ ಹಾಗೆ ಮುಚ್ಚುವುದಕ್ಕೆ ನಾಲ್ಕು ಗೋಣಿಗಳಿದ್ದವು. ಅವು ರಾತ್ರಿ ಹಗಲು ಒದ್ದೆಯಾಗಿರಬೇಕು. ಒಣಗಿದ ಗೋಣಿ ಕಂಡರೆ ಅವಳು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದಳು, ಭಾವನನ್ನೂ ಬಿಡದೆ.

ಬಾಳೆಗೆ ಬಿಳಿ ಪುಡಿ ಹಾಕಿದರೆ ಹುಳು ಸಾಯುತ್ತದೆ ಎಂದು ಕೊಳ್ಳೇಗಾಲದ ಅಂಗಡಿಯವನು ಹೇಳಿದ್ದ. ನಾನು ಒಂದು ಪೊಟ್ಟಣ ತರಿಸಿಯೂ ಇದ್ದೆ. ಓರಗಿತ್ತಿ ಅದನ್ನು ಕಿತ್ತುಕೊಂಡು ತಿಪ್ಪೆಗೆ ಎಸೆದಳು.

"ಬಾವಿ ಪಕ್ಕದಲ್ಲೇ ನನ್ನ ಸೊಪ್ಪು ಐತೆ. ಗಾಳಿ ಬಂದು ಪುಡಿ ಸೊಪ್ಪಿನ ಮ್ಯಾಲೆ ಕೂತ್ರೆ ನನ್ನ ಉಳ ಸತ್ತೋಯ್ತವೆ. ನಿಂಗೆ ಬಾಳೆ ಬೇಕಾ, ಮನೆ ಬೇಕಾ?"

"ನಂಗೆ ಎರಡೂ ಬೇಕು."

"ನಿಂಗೆ ಬೇಕಾದ್ದು ಯಾರ್ ಕೇಳುದ್ರಮ್ಮಿ?"

ಭಾವ ತೀರ್ಪು ಕೊಟ್ಟರು. ಅವರು ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. "ಈ ಗೂಡು ಬುಡಿಸಾಗ್ಲಿ. ಆಮ್ಯಾಕೆ ಆ ಬಾಳೆ ಕಿತ್ತಾಕಿ ಕಡ್ಡಿ ನೆಡಮ. ಬೀಳೋ ಗಿಡಕ್ಕೆ ಬಾವಿ ನೀರು ದಂಡ." ಕಡ್ಡಿ ಎಂದರೆ ಹಿಪ್ಪುನೇರಳೆ ಕಡ್ಡಿ. ನನ್ನ ಗಂಡ ಪಕ್ಕದಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದರು. ಹೊಸೆಯುತ್ತಲೇ ಇದ್ದರು.

ರೇಷ್ಮೆ ಹುಳು ಮೊಟ್ಟೆ ಒಡೆದು ಆಗ ನಾಲ್ಕೈದು ದಿನವಾಗಿತ್ತು. ನನಗೆ ಉಳಿದದ್ದು ಒಂದು ತಿಂಗಳೂ ಇಲ್ಲ.

ಅಂಥ ಹೊತ್ತಿಗೆ ಕನ್ನಡಕದ ಮನುಷ್ಯನೊಬ್ಬ ಸೈಕಲ್ಲಿನಲ್ಲಿ ಬಂದ. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕ್ಯಾರಿಯರಿನಲ್ಲಿ ಒದ್ದೆ ಟವಲು ಸುತ್ತಿದ ಸೀಸೆ. ಬಾಳೆಯ ಹುಳದ ಮೇಲೆ ಏನೋ ಸಂಶೋಧನೆಯಂತೆ. ಪುಡಿ ಬೀಳದ ಬಾಳೆ ತೋಟ ಹುಡುಕುತ್ತಿದ್ದನಂತೆ. ಬೇರೆ ಕಡೆ ಎಲ್ಲರೂ ಪುಡಿ ಹಾಕಿಬಿಟ್ಟಿದ್ದಾರೆ, ರೇಷ್ಮೆ ಸಾಕುವ ಊರಿನಲ್ಲಿ ಹಾಕಿರುವುದಿಲ್ಲ ಎಂದು ಲೆಕ್ಕ ಹಾಕಿ ಬಂದಿದ್ದ. ಅಷ್ಟರ ಮಟ್ಟಿಗೆ ಬುದ್ಧಿವಂತ.

ಸೀಸೆಯನ್ನು ಬಿಸಿಲಿಗೆ ಹಿಡಿದು ಅಲ್ಲಾಡಿಸಿದ. ಅಕ್ಕಿ ತೊಳೆದ ನೀರಿನ ಹಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಆ ನೀರಿನಲ್ಲಿ ಏನೋ ಮಿಣಮಿಣ ತಿರುಚಿಕೊಳ್ಳುತ್ತಿತ್ತು, ನೂಲಿನ ಎಳೆಯಿಂದ ಉದುರಿದ ಧೂಳಿನಷ್ಟು ಸಣ್ಣದು.

"ಇವು ದಾರದಂಥ ಹುಳು, ಅಮ್ಮ. ಮಣ್ಣಿನಲ್ಲಿರ್ತವೆ. ಬೇರೆ ಹುಳು ಸಿಕ್ಕಿದರೆ ಅದರ ಬಾಯಿ, ಗುದದಿಂದ ಒಳಗೆ ಹೋಗಿ ಎರಡು ದಿನದಲ್ಲಿ ಅದನ್ನ ಕೊಲ್ತವೆ. ಅದರ ಹೊಟ್ಟೆಯಲ್ಲೇ ಮರಿ ಹಾಕಿ, ಸಾವಿರಗಟ್ಟಲೆ ಆಗಿ ಹೊರಗೆ ಬರ್ತವೆ. ಬಾಳೆಗೆ, ದನಕ್ಕೆ, ಮನುಷ್ಯರಿಗೆ ಏನೂ ಮಾಡಲ್ಲ."

ಭಾವ ಗೋಡೆಗೆ ಹೇಳಿದರು. "ಉಳ ಬಿದ್ದಿರೋ ತ್ವಾಟಕ್ಕೆ ಇನ್ನಷ್ಟು ಉಳ ಬುಡಾಕೆ ಸೈಕಲ್ ತುಳ್ಕಂಡು ಬಂದವ್ರೆ."

"ಓದಿದ್ದು ಜಾಸ್ತಿ ಆಗ್ಯದೆ ಕಣ್ಲಾ ಅವ್ರಿಗೆ, ಬುಡು," ಎಂದರು ಅತ್ತೆ, ಅವನ ಎದುರಿಗೇ.

ನಾನು ಅವನನ್ನು ತೋಟಕ್ಕೆ ಕರೆದುಕೊಂಡು ಹೋದೆ. ನಂಬಿಕೆಯಿಂದಲ್ಲ. ಅವರಿಬ್ಬರೂ ನಕ್ಕರು, ಅದಕ್ಕೆ. ಹೊತ್ತು ಇಳಿದ ಮೇಲೆ ಅವನು ಹಾರೆಯಿಂದ ಗಿಡದ ಬುಡದಲ್ಲಿ ಓರೆಯಾಗಿ ತೂತು ಮಾಡಿ, ನೀರು ಬೆರೆಸಿ ಬೆರೆಸಿ ಹೊಯ್ದ. ಸೀಸೆ ಎರಡು ಸಾಲಿಗೆ ಮುಗಿಯುತ್ತ ಬಂತು.

"ಇನ್ನಾರು ಸಾಲಿಗೆ?"

"ಇಷ್ಟೇ ಇರೋದು. ಒಂದೂವರೆ ತಿಂಗಳು ಬಿಟ್ಟು ಬಂದು ಗೆಡ್ಡೆ ಸೀಳಿ ನೋಡ್ತೀನಿ. ಫಲ ಕಂಡರೆ ಮುಂದೆ."

"ಒಂದೂವರೆ ತಿಂಗಳಿಗೆ ಇಲ್ಲಿ ಬಾಳೇನೇ ಇರಾಕಿಲ್ಲ ಸಾ. ಇದ್ನ ಎಂಗ್ ಬೆಳೆಸ್ತೀರಿ ಅದ್ನ ಯೋಳಿ."

ಅವನಿಗೆ ಹೇಳುವ ಆಸೆ ಇತ್ತು ಎಂದು ಕಾಣುತ್ತದೆ, ಕೇಳುವವರು ಸಿಕ್ಕಿರಲಿಲ್ಲ. ಜೇನುಹಟ್ಟಿಯಲ್ಲಿ ಬೀಳುವ ಹುಳುವನ್ನು ಹಿಡಿದು ಈ ನೀರು ಸೋಕಿಸುವುದು. ಸತ್ತ ಮೇಲೆ, ತಟ್ಟೆಯಲ್ಲಿ ನೀರಿಟ್ಟು, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಸತ್ತ ಹುಳು. ಬಟ್ಟೆಯ ಅಂಚು ನೀರಿಗೆ ತಾಗುತ್ತಿರಬೇಕು. ಹತ್ತು ದಿನಕ್ಕೆ ಮರಿಗಳು ತಾವೇ ನೀರಿಗೆ ಇಳಿಯುತ್ತವೆ. ತಂಪಿರಬೇಕು, ಒದ್ದೆ ಇರಬೇಕು. ಒಣಗಿದರೆ ಸತ್ತವು.

"ರೇಷ್ಮೆ ಉಳ ಆದದಾ?"

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. "ಆಗುತ್ತೆ. ಆದ್ದರಿಂದಲೇ ಹೇಳ್ತೀನಿ, ಈ ನೀರು, ಈ ಕೈ, ಈ ಪಾತ್ರೆ ನಿಮ್ಮ ಹುಳದ ಮನೆ ಹತ್ತಿರ ಹೋಗಬಾರದು. ಕೈ ತೊಳೀರಿ. ಪಾತ್ರೆ ಬಿಸಿಲಿಗೆ ಹಾಕಿ."

ಅವನ ಈ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಸೀಸೆಯೂ ತಿಪ್ಪೆಗೆ ಹೋಗುತ್ತಿತ್ತು. ಅವನು ಸೀಸೆ ತೊಳೆಯಲು ಕೊಟ್ಟಾಗ ತಳದ ಎರಡು ಬೆರಳು ನೀರನ್ನು ಚೊಂಬಿಗೆ ಬಗ್ಗಿಸಿಕೊಂಡೆ.

ಮೊದಲು ನೇರವಾಗಿಯೇ ಕೇಳಿದೆ. ಹಾಸಿಗೆ ತೆಗೆಯುವಾಗ, ಅಂದರೆ ತಟ್ಟೆಯ ಹಳೆ ಸೊಪ್ಪು, ಹಿಕ್ಕೆ ತೆಗೆದು ಚೊಕ್ಕ ಮಾಡುವಾಗ, ಬೆಳೆಯದೆ ಹಿಂದೆ ಬಿದ್ದ ಹುಳುಗಳನ್ನು ಓರಗಿತ್ತಿ ಆರಿಸಿ ಎಸೆಯುತ್ತಿದ್ದಳು.

"ಅಕ್ಕ, ಎಸೆಯೋ ಉಳದಲ್ಲಿ ಒಂದಿಡಿ ನಂಗೆ ಕೊಡು."

"ಯಾಕೆ, ಹುರ್ಕಂಡು ತಿಂದೀಯಾ?"

"ಬಾಳೆಗೆ ಬೇಕು."

"ಉಳದ ಮನೇದು ಆಚೀಕೆ ಓಯ್ತದಾ? ನಿಮ್ಮ ಯಳಂದೂರಲ್ಲಿ ನಡೀತದೇನೋ. ಕೋಳಿಗೆ ಆಕ್ತೀನಿ, ನಿಂಗೆ ಕೊಡಾಕಿಲ್ಲ. ಪೋಡಿ."

ಅವಳು ನಿಜವಾಗಿಯೂ ಕೋಳಿಗಳನ್ನು ಕರೆದು ನನ್ನ ಕಾಲ ಬುಡದಲ್ಲಿ ಆ ಹುಳುಗಳನ್ನು ಸುರಿದಳು.

ಎರಡನೇ ಜ್ವರ ಎದ್ದ ಮಾರನೆಯ ದಿನ, ಅವಳು ಸ್ನಾನಕ್ಕೆ ಹೋಗಿದ್ದಾಗ ನಾನು ಹುಳದ ಮನೆಗೆ ಹೋದೆ. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ತಲೆ ಎತ್ತಿ ಮಂಕಾಗಿ ನಿಲ್ಲುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಹಣ್ಣಾಗಿ ಗೂಡು ಕಟ್ಟುತ್ತದೆ. ಒಂದೊಂದು ತಟ್ಟೆಯಿಂದ ಐದಾರು ಹುಳು ಎತ್ತಿದೆ, ಗೊತ್ತಾಗದ ಹಾಗೆ. ಒಳ್ಳೆಯ ಹುಳುಗಳನ್ನೇ ಎತ್ತಿದೆ. ಕೋಳಿಗೆ ಹಾಕಿದ್ದು ನೆನಪಿತ್ತು.

ಬಾವಿಗೆ ಇಳಿಯುವ ಮೆಟ್ಟಿಲ ಪಕ್ಕ ಕಲ್ಲಿನ ಗೂಡೊಂದಿತ್ತು, ತಣ್ಣಗಿರುತ್ತಿತ್ತು. ಹುಳುಗಳಿಗೆ ಚೊಂಬಿನ ನೀರು ಸೋಕಿಸಿ ಅಲ್ಲಿ ಇಟ್ಟೆ. ಅವನು ಹೇಳಿದ ಹಾಗೆಯೇ ಆಯಿತು. ಎರಡನೇ ದಿನ ಹುಳು ಮೇವು ಬಿಟ್ಟವು, ಮೂರನೇ ದಿನ ಮೆತ್ತಗಾಗಿ ಸತ್ತವು. ಬಣ್ಣ ಬೆಲ್ಲದ ಪಾಕದ ಹಾಗೆ ತಿರುಗಿತು. ನಾನು ಮೂಗು ಮುಚ್ಚಿಕೊಂಡೇ ಬಗ್ಗಿದ್ದೆ, ಏಕೆಂದರೆ ರೇಷ್ಮೆ ಹುಳು ರೋಗ ಬಂದು ಸತ್ತರೆ ಹೊಟ್ಟೆಯೊಳಗಿನದು ಬಾಯಿಗೆ ಬರುವಂಥ ನಾತ. ಇವು ನಾರಲೇ ಇಲ್ಲ. ಅದು ನನಗೆ ಆಶ್ಚರ್ಯವಾಗಿ ಮನಸ್ಸಿನಲ್ಲಿ ಉಳಿಯಿತು.

ತೊಂದರೆ ಕೊಟ್ಟದ್ದು ಬಟ್ಟೆ. ಹಳೆ ಸೀರೆಯ ತುಂಡು ಆ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಒಣಗಿ ಹೋಗುತ್ತಿತ್ತು. ದಿನಕ್ಕೆ ಹತ್ತು ಸಲ ಬಾವಿಗೆ ಇಳಿದರೆ ಅತ್ತೆಗೆ ಅನುಮಾನ ಬರುತ್ತದೆ. ನೀರು ಹಿಡಿದುಕೊಳ್ಳುವಂಥದ್ದು ಬೇಕಿತ್ತು. ಸೊಪ್ಪಿನ ಮೇಲಿದ್ದ ನಾಲ್ಕು ಗೋಣಿಯಲ್ಲಿ ಒಂದನ್ನು ಎಳೆದುಕೊಂಡು ಹೋಗಿ, ಮಡಿಚಿ ಬಟ್ಟಲಿಗೆ ಹೊದಿಸಿ ಅದರ ಮೇಲೆ ಸತ್ತ ಹುಳು ಸಾಲಾಗಿ ಇಟ್ಟೆ.

ಗೋಣಿ ಕಾಣದೆ ಓರಗಿತ್ತಿ ಬೊಬ್ಬೆ ಹಾಕಿದಳು. "ನನ್ನ ಗೋಣಿ ತಕಂಡೋದವ್ರ ಕೈ ಸೇದೋಗ!" ಎಂದು ಹತ್ತು ದಿನ, ಸೊಪ್ಪು ಮುಚ್ಚುವಾಗೆಲ್ಲ ಶಾಪ ಹಾಕಿದಳು. ನಾನು ಪಕ್ಕದಲ್ಲೇ ಕೂತು ಸೊಪ್ಪು ಹೆಚ್ಚುತ್ತ ಕೇಳಿಸಿಕೊಂಡೆ.

ಹನ್ನೊಂದನೇ ದಿನ ತಟ್ಟೆಯ ನೀರು ಬೆಳ್ಳಗಾಗಿತ್ತು. ಬಿಸಿಲಿಗೆ ಹಿಡಿದೆ. ಮಿಣಮಿಣ. ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ಸಂಜೆ ಹೊಯ್ದೆ. ಹಾರೆ ಹಾಕಿ ಹಾಕಿ ಅಂಗೈಯಲ್ಲಿ ಗುಳ್ಳೆ ಎದ್ದವು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಓದಿದವನು ಸೀಸೆಯಲ್ಲಿ ತಂದದ್ದನ್ನು ಬಟ್ಟಲಲ್ಲಿ ಬೆಳೆದಿದ್ದೆ. ಆ ಸಂಜೆಯಷ್ಟು ಕೊಬ್ಬು ನನಗೆ ಯಾವತ್ತೂ ಬಂದಿರಲಿಲ್ಲ.

ಗೋಣಿಯನ್ನು ಬಾವಿ ನೀರಿನಲ್ಲಿ ಚೆನ್ನಾಗಿ ಜಾಲಿಸಿದೆ. ಬಿಸಿಲಿಗೆ ಹಾಕಬೇಕಿತ್ತು. ಅವನು ಹೇಳಿದ್ದ. ಆದರೆ ಹರಡಿ ಒಣಗಿಸಿದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು, ಒಣಗಿದ ಗೋಣಿ ಸೊಪ್ಪಿನ ಮೇಲೆ ಕಂಡರೆ ಅವಳಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು, ಇದು ಎಲ್ಲೋ ಹೋಗಿ ಬಂದಿದೆ ಎಂದು. ಒದ್ದೆಯಾಗಿದ್ದರೆ ಸೊಪ್ಪಿನ ರಾಶಿಯ ಹಿಂದೆ ಬಿದ್ದಿತ್ತು ಎನ್ನಬಹುದು. ಸೊಪ್ಪಿನ ಗೋಣಿ ಒಣಗಬಾರದು ಎಂದು ಆ ಮನೆಯಲ್ಲಿ ಹದಿನೈದು ವರ್ಷ ಬೈಸಿಕೊಂಡು ಕಲಿತಿದ್ದೆನಲ್ಲ. ಹಿಂಡಿ, ಒದ್ದೆಯಾಗಿಯೇ ತಂದು ರಾಶಿಯ ಮೇಲೆ ಹೊದಿಸಿದೆ.

ಹುಳು ಆಗ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಹಣ್ಣಾಗುವುದಕ್ಕೆ ಇನ್ನು ಐದಾರು ದಿನ. ಮಂಕರಿ ಮಂಕರಿ ಸೊಪ್ಪು ಬೇಕಾಗುವ ಹೊತ್ತು. ನಮ್ಮ ಸೊಪ್ಪು ಸಾಲದೆ ನನ್ನ ಗಂಡ ಗಾಡಿ ಕಟ್ಟಿಕೊಂಡು ಹನೂರು ಕಡೆಗೆ ಹೋಗಿದ್ದರು.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಓರಗಿತ್ತಿಯ ಕೂಗು ಕೇಳಿಸಿತು. ತಮಿಳಿನಲ್ಲಿ ಕೂಗುತ್ತಿದ್ದಳು. ನಾವೆಲ್ಲ ಹುಳದ ಮನೆಯ ಬಾಗಿಲಿಗೆ ಹೋದೆವು. ಬಡಗಣ ಗೋಡೆಯ ಕಡೆಯ ತಟ್ಟೆಗಳಲ್ಲಿ ಹುಳು ಸೊಪ್ಪಿನ ಮೇಲೆ ಅಲುಗದೆ ಬಿದ್ದಿದ್ದವು, ಬೆರಳುದ್ದದ ಹುಳು, ನೆನೆದ ಬತ್ತಿಯ ಹಾಗೆ ಮೆತ್ತಗೆ. ಬೆಲ್ಲದ ಬಣ್ಣ. ಸಂಜೆಯೊಳಗೆ ಅರ್ಧದಷ್ಟು ತಟ್ಟೆ ಹೋಯಿತು.

ಅವಳು ಒಂದು ಹುಳುವನ್ನು ಎತ್ತಿ ಮೂಗಿಗೆ ಹಿಡಿದಳು. "ನಾತ ಇಲ್ಲ," ಎಂದಳು, ಯಾರಿಗೂ ಅಲ್ಲ. "ಇದ್ಯಾವ ರೋಗ?"

ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತೇ ಗೊತ್ತಾಯಿತು.

ಅತ್ತೆಗೆ ರೋಗದ ಹೆಸರು ಬೇಕಿರಲಿಲ್ಲ, ಮನುಷ್ಯರ ಹೆಸರು ಬೇಕಿತ್ತು. ಮಾರನೆಯ ದಿನ ಮಧ್ಯಾಹ್ನ ಹಜಾರದಲ್ಲಿ ಕೂತು ಶುರು ಮಾಡಿದರು. ನನ್ನ ಗಂಡ ಇನ್ನೂ ಬಂದಿರಲಿಲ್ಲ. ಭಾವ ಗೋಡೆ ನೋಡುತ್ತ ಕಂಬಕ್ಕೆ ಒರಗಿದ್ದರು. ಓರಗಿತ್ತಿ ಹುಳದ ಮನೆಯ ಹೊಸಿಲ ಮೇಲೆ ಕೂತಿದ್ದಳು, ತಲೆ ಬಾಚಿರಲಿಲ್ಲ.

"ಮುಟ್ಟು ಮುಚ್ಕಂಡು ಒಳೀಕೆ ಓಗವ್ಳೆ. ಇನ್ನೇನು? ನಾನು ಎಷ್ಟು ಬೆಳೆ ತಗ್ದಿವ್ನಿ, ಇಂಗೆ ಒಂದಿನಕ್ಕೆ ಉಳ ಒರಗಿದ್ನ ಕಂಡಿಲ್ಲ."

"ಸುಳ್ಳು," ಎಂದಳು ಓರಗಿತ್ತಿ. "ನನ್ನ ಎರಡು ಮಕ್ಕಳಾಣೆ, ನಾನು ಅಂಗೆ ಓಗಿಲ್ಲ."

"ಮಕ್ಕಳ ಮ್ಯಾಲೆ ಆಣೆ ಬ್ಯಾರೆ ಇಕ್ತಾಳೆ ನೋಡ್ಲಾ! ಇವ್ಳ ಕೈಗೆ ಇನ್ನು ಉಳ ಕೊಟ್ರೆ ಮನೆ ಉಳಿಯಾಕಿಲ್ಲ. ಕಳ್ಸು ಅವಳ ಊರ್ಗೆ. ಮಕ್ಕಳ ನಾನು ಸಾಕ್ತೀನಿ."

ಭಾವ ಗೋಡೆಗೆ ಹೇಳಿದರು. "ತಮ್ಮ ಬರ್ಲಿ. ನಾಳೆ ಅದೇ ಗಾಡೀಲಿ ಮಾರ್ಟಳ್ಳಿಗೆ ಬುಟ್ಟು ಬತ್ತೀನಿ."

ನಾನು ಅಡುಗೆಮನೆಯ ಬಾಗಿಲಲ್ಲಿ ರಾಗಿ ಕೇರುತ್ತಿದ್ದೆ. ನನ್ನ ತಲೆಯಲ್ಲಿ ಆಗ ಏನು ಓಡಿತು ಎಂದು ಇದ್ದ ಹಾಗೆ ಹೇಳುತ್ತೇನೆ. ಇವಳು ಹೋದರೆ ಹುಳು ಸಾಕುವವರು ಯಾರೂ ಇಲ್ಲ. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನನ್ನ ಕೈ ಹುಳಕ್ಕೆ ಆಗದು. ಹುಳು ಇಲ್ಲದಿದ್ದರೆ ಹೊಸ ಕಡ್ಡಿ ಯಾಕೆ ನೆಡುತ್ತಾರೆ? ಬಾಳೆ ಉಳಿಯುತ್ತದೆ. ಎಂಟು ಸಾಲೂ ಉಳಿಯುತ್ತದೆ. ಅಕ್ಕ ಎನ್ನುವ ಕಷ್ಟವೂ ತಪ್ಪುತ್ತದೆ. ನಾನು ಮಾಡಬೇಕಾದ್ದು ಏನೂ ಇಲ್ಲ, ರಾಗಿ ಕೇರುತ್ತ ಕೂತಿದ್ದರೆ ಸಾಕು.

ಹಾಗೆಯೇ ಕೂತಿದ್ದೆ, ಮೊರದ ರಾಗಿ ಮುಗಿಯುವವರೆಗೆ. ಅವಳ ಮೇಲೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆದರೆ ಅವಳು ಹುಳುವನ್ನು ಮೂಗಿಗೆ ಹಿಡಿದದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಆ ಮನೆಯಲ್ಲಿ ಆ ಸಾವು ಬೇರೆ ಎಂದು ಕಂಡವರು ಇಬ್ಬರೇ, ಅವಳು ಮತ್ತು ನಾನು. ಅತ್ತೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದರು, ಭಾವ ತಲೆಯಾಡಿಸುತ್ತಿದ್ದರು, ನನ್ನ ಕೈಯ ಕೆಲಸ ಮುಟ್ಟಿನ ಲೆಕ್ಕಕ್ಕೆ ಹೋಗುತ್ತಿತ್ತು. ಅವಳನ್ನು ಓಡಿಸುವುದಾದರೆ ನಾನು ಜಗಳವಾಡಿ ಓಡಿಸಬೇಕು. ಹೀಗಲ್ಲ.

ಮೊರ ಕೆಳಗಿಟ್ಟೆ. "ಮುಟ್ಟೂ ಇಲ್ಲ, ಮೈಲಿಗೇನೂ ಇಲ್ಲ," ಎಂದೆ. "ಉಳ ಕೊಂದದ್ದು ನಾನು."

ಭಾವ ಆ ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

ಎಲ್ಲ ಹೇಳಿದೆ. ಹುಳು ಕದ್ದದ್ದು, ಕಲ್ಲುಗೂಡು, ಗೋಣಿ, ಕನ್ನಡಕದವನು ಕೊಟ್ಟ ಎಚ್ಚರಿಕೆ. ಗೋಣಿಯ ಮಾತು ಬಂದಾಗ ಓರಗಿತ್ತಿ ಎದ್ದಳು.

"ಹತ್ತು ದಿನ ನನ್ನ ಪಕ್ಕದಲ್ಲೇ ಕೂತಿದ್ದಲ್ಲಮ್ಮಿ! ನನ್ನ ಶಾಪ ಕೇಳ್ಕಂಡು ಸೊಪ್ಪು ಹೆಚ್ಚುತಿದ್ದಲ್ಲಮ್ಮಿ!"

"ಊಂ, ಹೆಚ್ಚುತಿದ್ದೆ. ಒಂದಿಡಿ ಎಸೆಯೋ ಉಳ ಕೊಟ್ಟಿದ್ರೆ ಕದೀತಿರ್ನಿಲ್ಲ."

ಅವಳು ಪೊರಕೆ ಎತ್ತಿಕೊಂಡು ಬಂದಳು. ನಾನು ಮೊರ ಎತ್ತಿದೆ. ಎರಡು ಏಟು ನನಗೆ ಬಿದ್ದವು, ಒಂದು ಅವಳಿಗೆ. ಭಾವ ನಡುವೆ ಬಂದು ಪೊರಕೆ ಕಿತ್ತುಕೊಂಡರು. ಅತ್ತೆ ಮಾತ್ರ, "ಆದ್ರೂ ಇವ್ಳು ಮುಟ್ಟಾಗಿ ಓಗಿರ್ಲೂಬೋದು," ಎಂದು ಗೊಣಗಿದರು. ಅವರಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಮಾರ್ಟಳ್ಳಿಗೆ ಗಾಡಿ ಹೋಗಲಿಲ್ಲ. ಭಾವ ಹೇಳಿದ್ದು ಒಂದೇ ಮಾತು. "ನಾಳೆ ಬಾಳೆ ಕೀಳಿ. ಒಂದು ಕಂದೂ ಉಳೀಬಾರ್ದು."

ಮಾರನೆಯ ದಿನ ಇಬ್ಬರು ಆಳುಗಳು ಗುದ್ದಲಿ ಹಿಡಿದು ಬಾವಿಯ ಕಡೆಯಿಂದ ಶುರು ಮಾಡಿದರು. ಹನೂರಿಂದ ರಾತ್ರಿ ಬಂದಿದ್ದ ನನ್ನ ಗಂಡನೂ ಗುದ್ದಲಿ ಹಿಡಿದರು. ನನ್ನ ಕಡೆ ನೋಡಲಿಲ್ಲ. ನಾನು ಮಚ್ಚು ತೆಗೆದುಕೊಂಡು ಅವರ ಹಿಂದೆ ಹೋದೆ. ಕಿತ್ತ ಗೆಡ್ಡೆಯನ್ನೆಲ್ಲ ಒಂದೊಂದಾಗಿ ಸೀಳಿದೆ. ಹೋಗುವ ತೋಟ ಹೋಗಲಿ, ನಾನು ಮಾಡಿದ್ದು ಏನಾಯಿತು ಎಂದು ನನಗೆ ಗೊತ್ತಾಗಬೇಕಿತ್ತು.

ಮೊದಲ ಎರಡು ಸಾಲು, ಅವನು ಸೀಸೆ ಸುರಿದದ್ದು. ತೂತುಗಳೆಲ್ಲ ಹಳೆಯವು, ಹೆಚ್ಚಿನವು ಖಾಲಿ. ಅಲ್ಲೊಂದು ಇಲ್ಲೊಂದು ಹುಳು ಬದುಕಿತ್ತು, ಇಲ್ಲ ಎನ್ನುವುದಿಲ್ಲ. ಮೂರು, ನಾಲ್ಕು ನನ್ನವು. ತೂತಿನ ತುದಿಯಲ್ಲಿ ಹುಳು ಇದ್ದವು, ಆದರೆ ಬಿಳಿ ಇಲ್ಲ. ಮೆತ್ತಗೆ, ಚಪ್ಪಟೆ, ಬೆಲ್ಲದ ಬಣ್ಣ. ಮಚ್ಚಿನ ತುದಿಯಲ್ಲಿ ಎತ್ತಿದರೆ ಜೋತು ಬೀಳುತ್ತಿದ್ದವು. ಐದನೇ ಸಾಲಿನ ಮೊದಲ ಗೆಡ್ಡೆ ಸೀಳಿದೆ. ದಪ್ಪ ದಪ್ಪ ಬಿಳಿ ಹುಳು, ಕೆಂಪು ತಲೆ ಅಲ್ಲಾಡಿಸುತ್ತ, ಏನೂ ಆಗದವರ ಹಾಗೆ.

ಓರಗಿತ್ತಿ ಬದುವಿನ ಮೇಲೆ ನಿಂತಿದ್ದಳು, ಕಂದು ಉಳಿಸಿಕೊಳ್ಳುತ್ತೇನೇನೋ ಎಂದು ಕಾಯುವುದಕ್ಕೆ. ನಾನು ನಾಲ್ಕನೇ ಸಾಲಿನ ಗೆಡ್ಡೆಯೊಂದನ್ನು ಎತ್ತಿಕೊಂಡು ಹೋಗಿ ಅವಳ ಕಾಲ ಬುಡದಲ್ಲಿ ಹಾಕಿದೆ, ಕೋಳಿಗೆ ಹುಳು ಸುರಿದ ಹಾಗೆ.

"ನೋಡು."

ಅವಳು ನನ್ನನ್ನು ನೋಡಿದಳು, ಗೆಡ್ಡೆ ನೋಡಿದಳು. ಬಗ್ಗಿ, ಎರಡು ಬೆರಳಲ್ಲಿ ಒಂದು ಹುಳು ಎತ್ತಿ ಮೆಲ್ಲಗೆ ಒತ್ತಿದಳು. ಮೂಗಿಗೆ ಹಿಡಿದಳು.

"ನನ್ನವೂ ಇಂಗೇ ಸತ್ವು," ಎಂದಳು.

"ಊಂ."

"ಹಂಗಾರೆ ಕೆಲ್ಸ ಮಾಡ್ಯದೆ ಇದು."

"ಮಾಡ್ಯದೆ."

ಹುಳುವನ್ನು ನೆಲಕ್ಕೆ ಎಸೆದು, ಬೆರಳನ್ನು ಬೂದಿಯಲ್ಲಿ ಉಜ್ಜುವುದಕ್ಕೆ ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಆ ಮೂಲೇಲಿ ಒಂದು ಕಂದು ಬುಟ್ಟವ್ರೆ, ಅದ್ನೂ ಕೀಳ್ಸು," ಎಂದಳು.

ಅದನ್ನೂ ಕೀಳಿಸಿದೆ.

ಹೇಳಿದ ಹೊತ್ತಿಗೆ ಸರಿಯಾಗಿ ಕನ್ನಡಕದವನು ಸೈಕಲ್ಲಿನಲ್ಲಿ ಬಂದ. ಬಾಳೆಯ ಜಾಗದಲ್ಲಿ ಹಿಪ್ಪುನೇರಳೆ ಕಡ್ಡಿ ಚಿಗುರುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ, ಗೆಡ್ಡೆಯಲ್ಲಿ ಕಂಡದ್ದನ್ನು ಸಾಲು ಸಾಲಾಗಿ ಹೇಳಿದೆ. ಅವನು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ. ಬರೆಯುತ್ತ ಬರೆಯುತ್ತ ಅವನ ಮುಖ ಅರಳಿತು.

"ರೇಷ್ಮೆ ಹುಳದಲ್ಲಿ ಹನ್ನೊಂದೇ ದಿನಕ್ಕೆ ಬಂತಾ ಅಮ್ಮ? ಗೋಣಿಯಲ್ಲಿ ಒಂದು ಸಲ ಜಾಲಿಸಿದ ಮೇಲೂ ಉಳಿದಿದ್ವಾ?"

"ನನ್ನ ತ್ವಾಟ ಓಯ್ತು, ಅವ್ಳ ಬೆಳೆ ಓಯ್ತು, ನಿಮಗೆ ಹಬ್ಬನಾ ಸಾ?"

ಅವನು ಪುಸ್ತಕ ಮುಚ್ಚಿದ. "ನಾನು ಎಚ್ಚರಿಕೆ ಹೇಳಿದ್ದೆನಲ್ಲ ಅಮ್ಮ," ಎಂದ. ಹೇಳಿದ್ದ. ಅದಕ್ಕೇ ನನಗೆ ಅವನನ್ನು ಕಂಡರೆ ಆಗಲಿಲ್ಲ. ಮಜ್ಜಿಗೆ ಕೊಡದೆ ಕಳಿಸಿದೆ. ಮತ್ತೆ ಅವನು ಬರಲಿಲ್ಲ.

ಬಾಳೆ ಬೆಳೆದ ಮಣ್ಣು. ಸೊಪ್ಪು ಅಂಗೈ ಅಗಲ ಬಂತು. ಆ ಸೊಪ್ಪನ್ನು ಕೊಯ್ಯುವ ಕೆಲಸ ನನಗೇ ಬಿತ್ತು. ಹೊತ್ತು ತಂದು ಹುಳದ ಮನೆಯ ಹೊಸಿಲ ಹೊರಗೆ ಮಂಕರಿ ಇಳಿಸಿದರೆ ಓರಗಿತ್ತಿ ಬೂದಿಯ ಚಿಪ್ಪು, ನೀರಿನ ಚೊಂಬು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದಳು. ನಾನು ಮೊಣಕೈವರೆಗೆ ಬೂದಿ ಹಚ್ಚಿ ಉಜ್ಜಬೇಕು, ಬೆರಳ ಸಂದಿ, ಉಗುರ ಸಂದಿ ಎಲ್ಲ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬೆಳೆ ಬೆಳೆಗೂ, ದಿನಕ್ಕೆ ನಾಲ್ಕು ಸಲ. ಅವಳ ಮಕ್ಕಳ ಮದುವೆಯಾಗಿ, ನಾವಿಬ್ಬರೂ ಅಜ್ಜಿಯರಾದ ಮೇಲೂ ಅದು ನಿಲ್ಲಲಿಲ್ಲ.

ಉಳಿದದ್ದಕ್ಕೆಲ್ಲ ನಾನು ಅವಳಿಗೆ ಎದುರು ಮಾತಾಡಿದ್ದೇನೆ. ಕೈ ತೊಳೆಯುವುದಕ್ಕೆ ಮಾತ್ರ ಯಾವತ್ತೂ ಬೇಡ ಎನ್ನಲಿಲ್ಲ. ಅದು ಸರಿಯಾಗಿಯೇ ಇತ್ತು.